ಕೀಲಿಕೈ ಕಣ್ಣು ತಪ್ಪಿದ ಗಳಿಗೆ

ಮಧ್ಯಾಹ್ನದ ಹೊತ್ತು. ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಮಕ್ಕಳು ಶಾಲೆಗೆ. ಬೀದಿಯಲ್ಲಿ ಕೀಗಳ ದೊಡ್ಡ ಗೊಂಚಲು ಅಲ್ಲಾಡಿಸುತ್ತ ಇಬ್ಬರು ಬರುತ್ತಾರೆ. "ಬೀಗ ರಿಪೇರಿ, ಬೀರು ಕೀ, ಡೂಪ್ಲಿಕೇಟ್ ಕೀ!" ಬೀರುವಿನ ಒಂದು ಕೀ ಎಂದೋ ಕಳೆದುಕೊಂಡಿರುವ ಮನೆಯಾಕೆ ಒಳಗೆ ಕರೆಯುತ್ತಾಳೆ. ಒಬ್ಬ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅರ ಉಜ್ಜುತ್ತಾನೆ, ಇನ್ನೊಬ್ಬ ಮಾತಿಗೆ ಎಳೆಯುತ್ತಾನೆ. ಸ್ವಲ್ಪ ಹೊತ್ತಿಗೆ "ಬೀಗ ತುಕ್ಕು ಹಿಡಿದೈತೆ ಅಕ್ಕಾ, ಒಂಚೂರು ಕೊಬ್ಬರಿ ಎಣ್ಣೆ ಕೊಡಿ." ಎಣ್ಣೆ ತಂದರೆ, "ಈ ಕೀನ ಗ್ಯಾಸ್ ಮೇಲೆ ಕೆಂಪಗೆ ಕಾಯಿಸ್ಕೊಂಡು ಬನ್ನಿ." ಅಕ್ಕ ಅಡುಗೆಮನೆಯಲ್ಲಿ ಇಕ್ಕಳದಿಂದ ಕೀ ಹಿಡಿದು ನಿಂತಿರುವ ಆ ಎರಡು ನಿಮಿಷದಲ್ಲಿ ಬೀರುವಿನೊಳಗಿನ ಲಾಕರ್ ತೆರೆದು, ಸರ ಬಳೆ ಜೇಬು ಸೇರಿ, ಬಾಗಿಲು ಮೊದಲಿನ ಹಾಗೇ ಮುಚ್ಚಿರುತ್ತದೆ. ಹೊರಡುವ ಮುಂಚೆ ಕೀಯ ತುದಿಯನ್ನು ಬೀಗದೊಳಗೇ ಮುರಿದುಬಿಡುತ್ತಾರೆ. "ಎಣ್ಣೆ ಇಳೀಲಿ, ಇನ್ನೊಂದು ಸಾಮಾನು ತರಬೇಕು, ಸಂಜೆ ಬರ್ತೀವಿ. ಅಲ್ಲೀತನಕ ಮುಟ್ಟಬೇಡಿ." ಕೂಲಿಯನ್ನೂ ಕೇಳುವುದಿಲ್ಲ. ಕೂಲಿ ಬೇಡ ಅಂದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಈ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಊರು ಬೇರೆ, ಕಾಯಿಸುವ ಕೀ ಅದೇ. ಅಪರಿಚಿತರನ್ನು ಮನೆಯೊಳಗೆ ಸೇರಿಸಬೇಡಿ ಎಂದು ಪೊಲೀಸರು ಕೊನೆಯಲ್ಲೊಂದು ಮಾತು ಹೇಳಿರುತ್ತಾರೆ. ಮಾತೇನೋ ಸರಿ. ಆದರೆ ಅಷ್ಟರಿಂದ ನನಗೆ ಸಮಾಧಾನವಿಲ್ಲ. ನಾನು ದಾವಣಗೆರೆ ಸೀಮೆಯ ಬ್ಯಾಂಕ್ ಶಾಖೆಗಳಲ್ಲಿ ಕ್ಯಾಷಿಯರಾಗಿ, ಆಮೇಲೆ ಹೆಡ್ ಕ್ಯಾಷಿಯರಾಗಿ, ಸ್ಟ್ರಾಂಗ್ ರೂಮಿನ ಒಂದು ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅರ್ಧ ಆಯುಸ್ಸು ಕಳೆದವಳು. ಬೀಗದ ಚರಿತ್ರೆ ಓದುವ ಚಟ ಹತ್ತಿದ್ದೂ ಆ ಕೀಯಿಂದಲೇ. ಆ ಓದಿನಲ್ಲಿ ನನಗೆ ಸಿಕ್ಕಿದ ದೊಡ್ಡ ಕಳ್ಳರಲ್ಲಿ ಮುಕ್ಕಾಲು ಪಾಲು ಅಪರಿಚಿತರಲ್ಲ. ಊರೆಲ್ಲ ನಮಸ್ಕಾರ ಮಾಡುತ್ತಿದ್ದವರು.

ಎಡಿನ್‌ಬರೋದ ವಿಲಿಯಂ ಬ್ರೋಡಿಯನ್ನೇ ತೆಗೆದುಕೊಳ್ಳಿ. 1741ರಲ್ಲಿ ಹುಟ್ಟಿದವನು. ಅಪ್ಪನ ಕಾಲದಿಂದ ಬಂದ ಮರಗೆಲಸದ ಕಾರ್ಖಾನೆ ಇತ್ತು. ಬೀರು ಪೆಟ್ಟಿಗೆ ಮಾಡುವುದು, ಅವಕ್ಕೆ ಬೀಗ ಕೂರಿಸುವುದು, ಊರಿನ ಅಂಗಡಿ ಮನೆಗಳ ಬೀಗ ರಿಪೇರಿ ಮಾಡುವುದು ಅಲ್ಲಿನ ಕೆಲಸ. ಬಡಗಿಗಳ ಸಂಘಕ್ಕೆ ಅವನೇ ಡೀಕನ್, ಅಂದರೆ ಯಜಮಾನ. ಆ ದೆಸೆಯಿಂದ ನಗರಸಭೆಯಲ್ಲೂ ಒಂದು ಕುರ್ಚಿ. ಹಗಲು ಒಳ್ಳೆಯ ಬಟ್ಟೆ, ಒಳ್ಳೆಯವರ ಸಹವಾಸ. ರಾತ್ರಿಯಾದರೆ ದಾಳ, ಕೋಳಿ ಜೂಜು. ಎರಡು ಚಿಕ್ಕಮನೆಗಳು, ಐದು ಮಕ್ಕಳು. ಸಾಲ ಬೆಳೆಯಿತು.

ಆ ಕಾಲದ ಎಡಿನ್‌ಬರೋ ಅಂಗಡಿಯವರಿಗೆ ಹಗಲು ಹೊತ್ತು ಬಾಗಿಲ ಕೀಯನ್ನು ಒಳಗಿನ ಒಂದು ಮೊಳೆಗೆ ತೂಗುಹಾಕುವ ಅಭ್ಯಾಸ. ಬ್ರೋಡಿ ಯಾವುದೋ ನೆವದಲ್ಲಿ ಒಳಗೆ ಹೋಗುತ್ತಿದ್ದ, ಕುಶಲ ಕೇಳುತ್ತಿದ್ದ, ಅಂಗೈಯಲ್ಲಿ ಅಡಗಿಸಿಕೊಂಡಿದ್ದ ಪುಟ್ಟಿಯ ಉಂಡೆಗೆ ಕೀಯನ್ನು ಒತ್ತಿ ಮತ್ತೆ ಮೊಳೆಗೇ ಹಾಕಿ ಬರುತ್ತಿದ್ದ. ಮಿಕ್ಕಿದ್ದು ಅರದ ಕೆಲಸ. ಜೊತೆಗೆ ಮೂವರನ್ನು ಸೇರಿಸಿಕೊಂಡ. ಅವರಲ್ಲಿ ಜಾರ್ಜ್ ಸ್ಮಿತ್ ಎಂಬವನು ಇಂಗ್ಲೆಂಡಿನಿಂದ ಬಂದಿದ್ದ ಬೀಗದ ಕೆಲಸಗಾರ. ಊರಿನಲ್ಲಿ ಬೀಗ ಮುರಿಯದೆ ಕಳವಾಗುತ್ತಿದ್ದರೆ ಜನ ಏನು ಮಾಡುತ್ತಾರೆ? ಬೀಗ ಬದಲಾಯಿಸಿಕೊಡಿ ಎಂದು ಊರಿನ ಒಳ್ಳೆಯ ಕೆಲಸಗಾರನ ಹತ್ತಿರವೇ ಹೋಗುತ್ತಾರೆ. ಬ್ರೋಡಿಯ ಹತ್ತಿರವೇ.

1788ರ ಮಾರ್ಚ್‌ನಲ್ಲಿ ಈ ನಾಲ್ವರು ಕೈ ಹಾಕಿದ್ದು ಸ್ಕಾಟ್ಲೆಂಡಿನ ಅಬಕಾರಿ ಕಚೇರಿಗೆ. ಅಲ್ಲಿಯೂ ಮೊಳೆಗೆ ತೂಗುಹಾಕಿದ್ದ ಕೀಯ ಅಚ್ಚನ್ನು ಮುಂಚೆಯೇ ತೆಗೆದಿದ್ದರು. ಇಷ್ಟು ಸಾಹಸಕ್ಕೆ ಸಿಕ್ಕಿದ್ದು 16 ಪೌಂಡ್ ಚಿಲ್ಲರೆ. ಗುಂಪಿನ ಒಬ್ಬ ಬಾಯಿ ಬಿಟ್ಟ. ಬ್ರೋಡಿ ಆಮ್‌ಸ್ಟರ್‌ಡ್ಯಾಮಿಗೆ ಓಡಿದ, ಸಿಕ್ಕಿಬಿದ್ದ. ಅಕ್ಟೋಬರ್ 1ರಂದು ಸ್ಮಿತ್‌ನ ಜೊತೆಗೆ ಅವನನ್ನು ಗಲ್ಲಿಗೆ ಹಾಕಿದರು. ಆ ಗಲ್ಲನ್ನು ರೂಪಿಸಿದವನೂ ಅವನೇ ಎಂಬ ಕಥೆಯನ್ನು ಎಡಿನ್‌ಬರೋ ಗೈಡುಗಳು ಈಗಲೂ ಹೇಳುತ್ತಾರಂತೆ. ಚರಿತ್ರೆಕಾರರು ಒಪ್ಪುವುದಿಲ್ಲ. ಕಥೆ ಚೆನ್ನಾಗಿದೆ ಅನ್ನಿ. ಅವನ ಕೈಯಿಂದ ಆದ ಒಂದು ಬೀರು ಮುಂದೆ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ಬಾಲ್ಯದ ಕೋಣೆಯಲ್ಲಿತ್ತು. ಸ್ಟೀವನ್‌ಸನ್ ಮೊದಲು ಬ್ರೋಡಿಯ ಮೇಲೊಂದು ನಾಟಕಕ್ಕೆ ಕೈ ಹಾಕಿದ. 1886ರಲ್ಲಿ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಬಂತು. ಬೀರು ಈಗ ಎಡಿನ್‌ಬರೋದ ಲೇಖಕರ ಮ್ಯೂಸಿಯಮ್ಮಿನಲ್ಲಿದೆ.

"ನಂಬಿಕಸ್ಥನಾದ ಬೀಗದವನನ್ನು ನೋಡಿ ಕರೆಸಿ" ಎಂದು ಯಾರಾದರೂ ಬುದ್ಧಿ ಹೇಳಿದರೆ ನನಗೆ ಬ್ರೋಡಿಯ ನೆನಪಾಗುತ್ತದೆ. ಅವನ ಬಗ್ಗೆ ನಾಲ್ಕು ಮನೆಯಲ್ಲಿ ವಿಚಾರಿಸಿದ್ದರೆ ನಾಲ್ವರೂ ಒಳ್ಳೆಯದನ್ನೇ ಹೇಳುತ್ತಿದ್ದರು. ಫುಟ್‌ಪಾತಿನಲ್ಲಿ ಗೋಣಿ ಹಾಸಿಕೊಂಡು ಕೂತವನನ್ನು ಅವನ ಅಂಗಿ ನೋಡಿ, ಹೆಸರು ಕೇಳಿ ಅನುಮಾನಿಸುವ ನಾವು, ಇಸ್ತ್ರಿ ಮಾಡಿದ ಷರ್ಟಿನವನ ಮುಂದೆ ಕೀಗೊಂಚಲನ್ನು ಮೇಜಿನ ಮೇಲೇ ಬಿಟ್ಟು ಕಾಫಿ ತರಲು ಏಳುತ್ತೇವೆ.

ಪ್ಯಾರಿಸ್ಸಿನವರು ಇದನ್ನು ಬ್ರೋಡಿಗಿಂತ 500 ವರ್ಷ ಮೊದಲೇ ಯೋಚಿಸಿದ್ದರು. 1268ರ ಸುಮಾರಿಗೆ ಎತಿಯೆನ್ ಬುವಾಲೋ ಎಂಬ ಅಧಿಕಾರಿ ಆ ನಗರದ ಕಸುಬುಗಳ ಕಟ್ಟಳೆಗಳನ್ನೆಲ್ಲ ಒಂದು ಪುಸ್ತಕವಾಗಿ ಬರೆಸಿದ. ಬೀಗ ಮಾಡುವವರಿಗೆ ಅದರಲ್ಲೊಂದು ನಿಯಮ: ಬೀಗ ತನ್ನ ಮನೆಯಲ್ಲಿ, ತನ್ನ ಕಣ್ಣೆದುರಿಗೆ ಇಲ್ಲದೆ ಯಾರೂ ಅದಕ್ಕೆ ಕೀ ಮಾಡಕೂಡದು. ಒಳ್ಳೆಯವನಾಗಿರು ಎಂಬ ಉಪದೇಶ ಅಲ್ಲಿಲ್ಲ. ಅಚ್ಚು ನೋಡಿ ಕೀ ಮಾಡಬೇಡ, ಬೀಗ ತರಿಸು, ಅಷ್ಟೆ. ಕಳ್ಳ ಮೇಣದ ಅಚ್ಚು ತಂದಾನು, ಬಾಗಿಲನ್ನೇ ಹೊತ್ತು ತಂದಾನೆಯೇ? ಮನುಷ್ಯನ ಗುಣವನ್ನು ಅಳೆಯಲು ಹೋಗದೆ ಕೆಲಸದ ಕ್ರಮವನ್ನು ಬಿಗಿ ಮಾಡಿದ ಈ ಜಾಣತನ ನನಗೆ ಬಹಳ ಹಿಡಿಸಿತು. ಬ್ಯಾಂಕಿನ ರೂಲು ಪುಸ್ತಕದ ವಾಸನೆಯೇ ಅದಕ್ಕೂ ಇದೆ.

ಅದೇ ದೇಶದ ರಾಜನಿಗೆ ಮಾತ್ರ ಈ ಎಚ್ಚರ ಇರಲಿಲ್ಲ. 16ನೆಯ ಲೂಯಿಗೆ ಬೀಗ ಮಾಡುವ ಹವ್ಯಾಸ. ಕಲಿಸಿದವನು ವರ್ಸೈಯ ಫ್ರಾನ್ಸ್ವಾ ಗಮ್ಯಾಂ. 1792ರಲ್ಲಿ, ಕ್ರಾಂತಿಯ ನಡುವೆ, ಅರಮನೆಯ ಗೋಡೆಯಲ್ಲೊಂದು ಕಬ್ಬಿಣದ ಗುಪ್ತ ಕಪಾಟು ಬೇಕಾದಾಗ ರಾಜ ಕರೆಸಿದ್ದು ಅವನನ್ನೇ. ನವೆಂಬರ್‌ನಲ್ಲಿ ಗಮ್ಯಾಂ ನೇರವಾಗಿ ಮಂತ್ರಿ ರೋಲಾಂ ಬಳಿಗೆ ಹೋಗಿ ಕಪಾಟು ಎಲ್ಲಿದೆ ಎಂದು ತೋರಿಸಿಬಿಟ್ಟ. ಒಳಗೆ ಸಿಕ್ಕ ಕಾಗದಗಳು ವಿಚಾರಣೆಯಲ್ಲಿ ಮುಂದೆ ಬಂದವು. ಜನವರಿ 21ಕ್ಕೆ ರಾಜನ ತಲೆ ಹೋಯಿತು. ಗಮ್ಯಾಂ ಅಷ್ಟಕ್ಕೇ ಸುಮ್ಮನಾಗದೆ, ರಾಜ ತನಗೆ ವಿಷ ಹಾಕಿದ್ದನೆಂದು ಅರ್ಜಿ ಹಾಕಿ ವರ್ಷಕ್ಕೆ 1,200 ಲಿವ್ರ್ ಪಿಂಚಣಿ ಗಿಟ್ಟಿಸಿಕೊಂಡ. ಗುರುದಕ್ಷಿಣೆ!

ನಮ್ಮ ಕಡೆಯ ಹಳೆಯ ಕಳ್ಳತನದ ದಾರಿ ಬೇರೆ. ಮಣ್ಣಿನ ಗೋಡೆ, ದಪ್ಪ ಮರದ ಬಾಗಿಲು, ಒಳಗಡೆಯಿಂದ ಗೋಡೆಯ ತೂತಿಗೆ ಸರಿಯುವ ಅಗುಳಿ. ಇಂಥ ಬಾಗಿಲ ಜೊತೆ ಗುದ್ದಾಡುವ ಬದಲು ಗೋಡೆಗೇ ಕನ್ನ ಕೊರೆಯುವುದು ಸುಲಭ. 12ನೆಯ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆ ಎಂಬ ಶರಣ ಇದ್ದಾನಲ್ಲ, ಅವನ ಪೂರ್ವಾಶ್ರಮದ ಕಸುಬು ಹೆಸರಿನಲ್ಲೇ ಇದೆ. ಸಂಸ್ಕೃತದ ಮೃಚ್ಛಕಟಿಕದ ಶರ್ವಿಲಕನೂ ಚಾರುದತ್ತನ ಮನೆಗೆ ಗೋಡೆ ಕೊರೆದೇ ಬರುತ್ತಾನೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ, ಅಂದರೆ ಮೆಕಾಲೆಯ ಕರಡಿನಿಂದ ಹುಟ್ಟಿ 2024ರ ಜುಲೈವರೆಗೆ ನಮ್ಮನ್ನು ಆಳಿದ ಆ ಕಾನೂನಿನಲ್ಲಿ, 445ನೆಯ ಕಲಂ ಮನೆ ಒಡೆಯುವುದು ಎಂದರೇನೆಂದು ಹೇಳುತ್ತದೆ. ಅಲ್ಲಿ ಕೊಟ್ಟಿರುವ ಮೊದಲ ಉದಾಹರಣೆಯೇ ಗೋಡೆಗೆ ತೂತು ಕೊರೆದು ಕೈ ಹಾಕುವುದು. ಆಮೇಲೆ ಕಿಟಕಿ, ತೂತಿನಲ್ಲಿ ತಂತಿ ತೂರಿಸಿ ಚಿಲಕ ಎತ್ತುವುದು. ಅದಾದ ಮೇಲೆ ಬರುವುದು ನನಗೆ ಇಷ್ಟವಾದ ಉದಾಹರಣೆ. ಮನೆಯವನು ಕಳೆದುಕೊಂಡ ಕೀ ಒಬ್ಬನಿಗೆ ಸಿಗುತ್ತದೆ, ಅದರಿಂದಲೇ ಬಾಗಿಲು ತೆರೆದು ಒಳಗೆ ಹೋಗುತ್ತಾನೆ. ಬೀಗಕ್ಕೆ ಒಂದು ಗೀರೂ ಬಿದ್ದಿರುವುದಿಲ್ಲ. ಆದರೂ ಅದು ಮನೆ ಒಡೆದ ಅಪರಾಧವೇ.

ಗೋಡೆಗಳು ಗಟ್ಟಿಯಾದ ಮೇಲೆ ಬೀಗಕ್ಕೆ ಮಹತ್ವ ಬಂತು. ಈ ಕಥೆ ನಡೆದದ್ದು ಹೆಚ್ಚಾಗಿ ಇಂಗ್ಲೆಂಡಿನಲ್ಲಿ. 1784ರಲ್ಲಿ ಜೋಸೆಫ್ ಬ್ರಾಮಾ ಹೊಸ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದ. ಕೆಲ ವರ್ಷದಲ್ಲೇ ಲಂಡನ್ನಿನ ಪಿಕಡಿಲಿಯ ತನ್ನ ಅಂಗಡಿಯ ಗಾಜಿನಲ್ಲಿ ಒಂದು ಬೀಗವಿಟ್ಟು, ಇದನ್ನು ಕೀ ಇಲ್ಲದೆ ತೆರೆಯುವ ಸಾಮಾನು ಮಾಡಿದವರಿಗೆ 200 ಗಿನಿ ಎಂದು ಬೋರ್ಡು ಹಾಕಿದ. ಬೋರ್ಡು 60 ವರ್ಷ ಹಾಗೇ ಇತ್ತು. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀಯಿಂದ ಕಳವಾಯಿತು. ತನ್ನದೇ ಕೀಗಲ್ಲದೆ ತೆರೆಯದ ಬೀಗಕ್ಕೆ ಸರ್ಕಾರ ಬಹುಮಾನ ಸಾರಿತು. ಮರುವರ್ಷ ಜೆರಮಯಾ ಚಬ್ ಮಾಡಿದ ಬೀಗದಲ್ಲಿ ಒಂದು ಹೊಸ ಯುಕ್ತಿ ಇತ್ತು. ಬೇರೆ ಕೀಯಿಂದ ತಡಕಿದರೆ ಒಳಗೊಂದು ಸನ್ನೆ ಸಿಕ್ಕಿಕೊಂಡುಬಿಡುತ್ತದೆ. ಆಮೇಲೆ ಯಜಮಾನ ತನ್ನ ಕೀ ಹಾಕಿದಾಗ ಅದು ತಿರುಗುವುದಿಲ್ಲ, ಯಾರೋ ಕೈಯಾಡಿಸಿದ್ದಾರೆ ಎಂದು ಗೊತ್ತಾಗುತ್ತದೆ. ಪರೀಕ್ಷೆಗೆ ಆರಿಸಿದ್ದು ಯಾರನ್ನು ಗೊತ್ತೆ? ಹಡಗಿನ ಸೆರೆಮನೆಯಲ್ಲಿದ್ದ ಒಬ್ಬ ಕೈದಿಯನ್ನು. ಕಸುಬಿನಿಂದ ಬೀಗ ಮಾಡುವವನು. ತೆರೆದರೆ ಬಿಡುಗಡೆ, ಮೇಲೆ 100 ಪೌಂಡ್. ಎರಡು ಮೂರು ತಿಂಗಳು ಒದ್ದಾಡಿ ಕೈಚೆಲ್ಲಿದ.

ಇವರೆಲ್ಲರ ಜಂಬ ಇಳಿಸಿದವನು ಅಮೆರಿಕದ ಆಲ್ಫ್ರೆಡ್ ಹಾಬ್ಸ್. 1851ರ ಮಹಾಪ್ರದರ್ಶನಕ್ಕೆ ಲಂಡನ್ನಿಗೆ ಬಂದವನು ಜುಲೈನಲ್ಲಿ ಸಾಕ್ಷಿಗಳನ್ನು ಕೂರಿಸಿಕೊಂಡು ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. 7 ನಿಮಿಷದಲ್ಲಿ ಮತ್ತೆ ಹಾಕಿಯೂ ತೋರಿಸಿದ. ಆಮೇಲೆ ಬ್ರಾಮಾನ ಗಾಜಿನ ಬೀಗ. 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ತೆರೆದು 200 ಗಿನಿ ಎಣಿಸಿಕೊಂಡ. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಬೀಗದ ಗುಟ್ಟನ್ನು ಹೀಗೆ ಬಹಿರಂಗ ಮಾಡಿದರೆ ಕಳ್ಳರಿಗೆ ಪಾಠ ಹೇಳಿದಂತಾಗುವುದಿಲ್ಲವೇ ಎಂದರು. 1853ರಲ್ಲಿ ಹಾಬ್ಸ್‌ನ ಟಿಪ್ಪಣಿಗಳ ಮೇಲೆ ಬೀಗದ ಪುಸ್ತಕ ಸಿದ್ಧಪಡಿಸಿದ ಚಾರ್ಲ್ಸ್ ಟಾಮ್ಲಿನ್‌ಸನ್ ಕೊಟ್ಟ ಉತ್ತರ ಇದು: ಕಳ್ಳರು ತಮ್ಮ ಕಸುಬಿನಲ್ಲಿ ನಮಗಿಂತ ಮುಂದಿದ್ದಾರೆ, ಗೊತ್ತಿಲ್ಲದಿರುವುದು ಬೀಗ ಕೊಳ್ಳುವವರಿಗೆ ಮಾತ್ರ. ನಾನು ಅವನ ಪಕ್ಷ.

ಆದರೆ 51 ಗಂಟೆ ಕೂರುವ ಕಳ್ಳ ಎಲ್ಲಿದ್ದಾನೆ? 1855ರ ಮೇ 15ರ ರಾತ್ರಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೊರಟ ಚಿನ್ನ ರೈಲಿನಲ್ಲಿ ಮಾಯವಾಯಿತು. ಸುಮಾರು 12,000 ಪೌಂಡಿನದು. ಚಬ್ ಕಂಪನಿಯ ತಿಜೋರಿ, ಎರಡೆರಡು ಬೀಗ, ಕೀಗಳು ಬೇರೆ ಬೇರೆ ಕಡೆ. ಕಳ್ಳರು ಬೀಗದ ತಂಟೆಗೇ ಹೋಗಲಿಲ್ಲ. ಬೀಗಗಳನ್ನು ಬದಲಾಯಿಸಲು ಕಂಪನಿಗೆ ಕಳಿಸಿದ್ದಾಗ ಓಡಾಡುತ್ತಿದ್ದ ಕೀ ರೈಲ್ವೆಯ ಗುಮಾಸ್ತ ಟೆಸ್ಟರ್‌ನ ಕೈಗೆ ಬಂತು. ಅವನು ಅದನ್ನು ಸ್ವಲ್ಪ ಹೊತ್ತು ಹೊರಗೆ ಕೊಟ್ಟ, ಏಗರ್ ಎಂಬ ನುರಿತ ಕಳ್ಳ ಮೇಣಕ್ಕೆ ಒತ್ತಿಕೊಂಡ. ಇನ್ನೊಂದು ಕೀ ಫೋಕ್‌ಸ್ಟನ್ ಬಂದರಿನ ಕಚೇರಿಯ ಕಪಾಟಿನಲ್ಲಿತ್ತು. ಕಚೇರಿಯಲ್ಲಿ ಯಾರೂ ಇಲ್ಲದ ಗಳಿಗೆ ನೋಡಿ ಅದನ್ನೂ ಒತ್ತಿಕೊಂಡರು. ಆಮೇಲೆ ಏಗರ್ ಅದೇ ರೈಲಿನಲ್ಲಿ ಹಲವು ಸಲ ಓಡಾಡಿದ. ಗಾರ್ಡ್ ಬರ್ಜೆಸ್ ಒಳಗೆ ಬಿಟ್ಟುಕೊಳ್ಳುತ್ತಿದ್ದ. ಏಗರ್ ಕೀ ಹಾಕಿ ನೋಡಿ, ಅರದಿಂದ ತೀಡಿ, ಮತ್ತೆ ಹಾಕಿ ಸರಿಮಾಡಿಕೊಂಡ. ಕದ್ದ ರಾತ್ರಿ ತೂಕಕ್ಕೆ ಸೀಸದ ಗುಂಡು ತುಂಬಿಟ್ಟರು. ಪ್ಯಾರಿಸ್ಸಿನಲ್ಲಿ ಪೆಟ್ಟಿಗೆ ತೆರೆದಾಗ ಸೀಸ! ಏಗರ್ ಬೇರೊಂದು ಕೇಸಿನಲ್ಲಿ ಜೈಲಿಗೆ ಹೋದ. ಅವನ ಹೆಣ್ಣಿಗೆ ಸಲ್ಲಬೇಕಾದ ಹಣವನ್ನು ಜೊತೆಗಾರ ಪಿಯರ್ಸ್ ನುಂಗಿದ. ಆಕೆ ಹೋಗಿ ಹೇಳಿದಳು. 1857ರಲ್ಲಿ ಗಾರ್ಡಿಗೂ ಗುಮಾಸ್ತನಿಗೂ 14 ವರ್ಷದ ಗಡೀಪಾರು ಶಿಕ್ಷೆ, ಸಂಚಿನ ಮೂಲಪುರುಷ ಪಿಯರ್ಸ್‌ಗೆ ಎರಡೇ ವರ್ಷ. ಸಂಬಳ ತಿನ್ನುವವನು ಕದ್ದರೆ ಕಾನೂನಿಗೆ ಸಿಟ್ಟು ಹೆಚ್ಚು. ಬ್ಯಾಂಕಿನವರಿಗೆ ಇದು ಚೆನ್ನಾಗಿ ಗೊತ್ತು.

ನಮ್ಮ ಶಾಖೆಯಲ್ಲಿ ಸ್ಟ್ರಾಂಗ್ ರೂಮಿಗೆ ಜಾಯಿಂಟ್ ಕಸ್ಟಡಿ. ಒಂದು ಕೀ ಅಧಿಕಾರಿಯದು, ಒಂದು ಕ್ಯಾಷಿಯರದು, ಇಬ್ಬರೂ ಬಂದರೇ ಬಾಗಿಲು. ರಜೆ ಹಾಕಿದರೆ ಕೀ ರಿಜಿಸ್ಟರಿನಲ್ಲಿ ಬರೆದು, ಕೊಟ್ಟವರು ತೆಗೆದುಕೊಂಡವರು ಇಬ್ಬರೂ ಸಹಿ ಮಾಡಬೇಕು. ಡೂಪ್ಲಿಕೇಟ್ ಕೀಗಳು ಅರಗಿನ ಮುದ್ರೆ ಹಾಕಿದ ಪ್ಯಾಕೆಟ್ಟಿನಲ್ಲಿ ಬೇರೆ ಶಾಖೆಯಲ್ಲಿ. ಜಿಲ್ಲಾ ಖಜಾನೆಯಲ್ಲಿ ಡಬಲ್ ಲಾಕ್ ಎನ್ನುವುದೂ ಇದನ್ನೇ. ಮುಜರಾಯಿ ದೇವಸ್ಥಾನದ ಹುಂಡಿ ಎಣಿಕೆಗೆ ನಮ್ಮನ್ನು ಕಳಿಸುತ್ತಿದ್ದಾಗಲೂ ಮೊದಲು ನೋಡುತ್ತಿದ್ದದ್ದು ನೋಟಿನ ರಾಶಿಯನ್ನಲ್ಲ. ಬಟ್ಟೆ ಸುತ್ತಿ ಅರಗು ಹಾಕಿದ ಬೀಗ ಹಾಗೇ ಇದೆಯೇ ಎಂದು ಕಂದಾಯದವರು, ಆಡಳಿತದವರು, ಅರ್ಚಕರು ಎಲ್ಲರೂ ಬಗ್ಗಿ ನೋಡಿದ ಮೇಲೆಯೇ ಕತ್ತರಿ.

ಒಬ್ಬರು ಮ್ಯಾನೇಜರಿದ್ದರು, ಬಹಳ ಒಳ್ಳೆಯ ಮನುಷ್ಯ. ಪಾರ್ಟಿ ಜೊತೆ ಮಾತಾಡುತ್ತ ಕೂತಿದ್ದರೆ ಎದ್ದು ಬರಲು ಬೇಸರ. ಒಮ್ಮೆ ತಮ್ಮ ಕೀಯನ್ನೇ ನನ್ನತ್ತ ಚಾಚಿದರು.

"ನೀವೇ ತೆಕ್ಕೊಳ್ಳಿ ಮೇಡಂ. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬಲಿ?"

"ನೀವು ನನ್ನ ನಂಬೋದು ನನಗೆ ಬೇಡ ಸಾರ್. ಎದ್ದು ಬನ್ನಿ."

ಪಾರ್ಟಿ ನಕ್ಕರು. ಮ್ಯಾನೇಜರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ನಾನು ಹಟಮಾರಿ ಎಂದು ಅವರು ಎಷ್ಟೋ ಜನರಿಗೆ ಹೇಳಿಕೊಂಡು ತಿರುಗಿದರು. ಇರಲಿ. ಎರಡೂ ಕೀ ಒಬ್ಬರ ಕೈಗೆ ಬಂದ ದಿನ ಏನಾದರೂ ಕಡಿಮೆ ಬಿದ್ದರೆ ಆ ನಂಬಿಕೆ ಎಷ್ಟು ಹೊತ್ತು ಉಳಿಯುತ್ತಿತ್ತು ಎಂದು ಅವರನ್ನು ಕೇಳುವ ಆಸೆ ಇತ್ತು.

ಕೀ ಲೋನ್ ಕಾಲದ ಒಂದು ಸಂಗತಿ ಹೇಳಬೇಕು. ವ್ಯಾಪಾರಿಯ ಮಾಲನ್ನು ಗೋದಾಮಿನಲ್ಲಿಟ್ಟು ಬ್ಯಾಂಕಿನ ಬೀಗ ಹಾಕಿ, ಬಾಗಿಲಿಗೆ ಬ್ಯಾಂಕಿನ ಬೋರ್ಡು ಬರೆಸಿ ಸಾಲ ಕೊಡುವ ಪದ್ಧತಿ ಅದು. ಮಂಡಿಪೇಟೆಯ ಕಡೆ ಇಂಥ ಬೋರ್ಡು ಎಷ್ಟೋ ಇದ್ದವು. ಒಂದು ಗೋದಾಮಿನಲ್ಲಿ ಪರಿಶೀಲನೆಗೆ ಹೋದಾಗ ಬೀಗ, ಸೀಲು ಎಲ್ಲ ಸರಿಯಾಗಿತ್ತು. ಮುಂದಿನ ಸಾಲಿನ ಮೂಟೆಗಳಲ್ಲಿ ಮೆಕ್ಕೆಜೋಳ, ಹಿಂದಿನ ಸಾಲುಗಳಲ್ಲಿ ಹೊಟ್ಟು. ಹಿಂಬದಿಯ ತಗಡಿನ ಬೋಲ್ಟುಗಳನ್ನು ಹೊರಗಿನಿಂದ ಬಿಚ್ಚಿ ಮತ್ತೆ ಹಾಕಿದ್ದರು. ಕನ್ನ ಹಾಕುವುದು ನಿಂತಿರಲಿಲ್ಲ, ಮಣ್ಣಿನ ಬದಲು ತಗಡಾಗಿತ್ತು.

ಮನೆಗಳ ಮಟ್ಟಿಗೆ ಹೇಳುವುದಾದರೆ, ವಕೀಲಿಕೆ ಬಿಟ್ಟುಬಂದ ಆರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯ ಲಾಲ್‌ಬಾಗಿನ ಒಂದು ಶೆಡ್ಡಿನಲ್ಲಿ ಬೀಗದ ಕೆಲಸ ಶುರುಮಾಡಿದ. 1902ರಲ್ಲಿ ತಿಜೋರಿ. ಆಮೇಲೆ ಬಂದ ಉಕ್ಕಿನ ಬೀರು ಎಷ್ಟು ಮನೆಮಾತಾಯಿತೆಂದರೆ ಯಾರು ಮಾಡಿದ್ದಾದರೂ ನಮ್ಮ ಕಡೆ ಮದುವೆಗೆ ಕೊಡುವುದು 'ಗಾದ್ರೇಜ್'. ಆ ಬೀರುವಿನೊಳಗೊಂದು ಪುಟ್ಟ ಲಾಕರ್. ಎಷ್ಟೋ ಮನೆಗಳಲ್ಲಿ ಅದರ ಕೀ ಅದೇ ಬೀರುವಿನ ಸೀರೆಗಳ ಅಡಿಯಲ್ಲಿರುತ್ತದೆ. ಕೀ ಕಾಯಿಸಲು ಕಳಿಸುವವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ದಾವಣಗೆರೆಯ ಅಶೋಕ ರಸ್ತೆಯ ಕಡೆ ಒಬ್ಬರು ಸಾಹೇಬರು ಕೂರುತ್ತಿದ್ದರು. ಎತ್ತರದ ಮರದ ಪೆಟ್ಟಿಗೆ, ತಗಡಿನಲ್ಲಿ ಕತ್ತರಿಸಿ ಕೆಂಪು ಬಳಿದ ಮೊಳದುದ್ದದ ಕೀ, ಸಣ್ಣ ಕಚ್ಚುಪಟ್ಟಿ, ಅರಗಳು. ಕೀಯೇ ಇಲ್ಲದ ಬೀಗಕ್ಕೆ ಅವರು ಕೀ ಮಾಡುವುದನ್ನು ನೋಡಬೇಕಿತ್ತು. ಹಲ್ಲು ಕೊರೆಯದ ಹೊಸ ಕೀಯನ್ನು ಮೇಣದ ಬತ್ತಿಯ ಹೊಗೆಗೆ ಹಿಡಿದು ಮಸಿ ಮಾಡಿಕೊಳ್ಳುವರು. ಬೀಗಕ್ಕೆ ಹಾಕಿ, ಇಕ್ಕಳದಿಂದ ಬಿಗಿಯಾಗಿ ಒಂದು ಬದಿಗೆ ತಿರುವಿ ಅಲುಗಿಸಿ, ಮೆಲ್ಲಗೆ ಹೊರಗೆ ಎಳೆಯುವರು. ಬಿಸಿಲಿಗೆ ಓರೆಯಾಗಿ ಹಿಡಿದರೆ ಮಸಿಯಲ್ಲಿ ಸಾಸಿವೆಗಿಂತ ಸಣ್ಣ ಹೊಳಪು. ಒಳಗಿನ ಲಿವರ್ ತಡೆದ ಜಾಗ ಅದು. ಅಷ್ಟೇ ಜಾಗಕ್ಕೆ ಅರದ ಎರಡು ಎಳೆತ. ಮತ್ತೆ ಮಸಿ, ಮತ್ತೆ ಬೀಗ, ಮತ್ತೆ ಬಿಸಿಲು. ಹೊಳಪು ಬೀಳುವುದು ನಿಂತ ಕಡೆ ಅರ ನಿಲ್ಲುತ್ತದೆ. ಕೊನೆಗೊಮ್ಮೆ ಕೀ ತಾನಾಗಿ ತಿರುಗುತ್ತದೆ. ಇಡೀ ಕೆಲಸದಲ್ಲಿ ಎಣ್ಣೆಗೂ ಗ್ಯಾಸಿಗೂ ಕೆಲಸವಿಲ್ಲ. ಕೀಯನ್ನು ಕೆಂಪಗೆ ಕಾಯಿಸಿದರೆ ಅದು ಮೆತ್ತಗಾಗಿ ಕೆಡುತ್ತದೆಯೇ ಹೊರತು ಬೀಗ ತೆರೆಯುವುದಿಲ್ಲ. ಇದೊಂದು ಗೊತ್ತಿದ್ದರೆ ಎಷ್ಟೋ ಮನೆಯ ಬಂಗಾರ ಉಳಿಯುತ್ತಿತ್ತು.

"ಹುಡುಗ್ರು ಸೋಪಿನ ಮ್ಯಾಲೆ ಅಚ್ಚು ತಗಂಡ್ ಬರ್ತಾರ್ ಅಮ್ಮಾರೆ," ಎಂದು ಒಮ್ಮೆ ಹೇಳಿದರು. "ಬೀಗ ತಗಂಬಾ ಅಂತೀನಿ. ಬಾಗ್ಲಲ್ಲೈತೆ ಅಂದ್ರೆ ನಡಿ, ನಾನೇ ಬರ್ತೀನಿ, ನಿಮ್ಮಪ್ಪ ಮನೇಲಿ ಇರ್ಬೇಕು ಅಂತೀನಿ. ಅಲ್ಲಿಗೆ ಮುಗೀತು, ಓಡ್ತಾರೆ."

"ಬರೋ ಗಿರಾಕಿ ಕಳ್ಕೊಳ್ತೀರಲ್ಲ ಸಾಹೇಬ್ರೆ?"

"ಪೊಲೀಸ್ನೋರು ಮೊದ್ಲು ಬರೋದು ಯಾರ ಹತ್ರ? ನನ್ನ ಹತ್ರ. ಈ ಜಾಗ ಬಿಟ್ಟು ನಾನ್ ಎಲ್ಲಿಗೆ ಹೋಗ್ಲಿ?"

ಪ್ಯಾರಿಸ್ಸಿನ ಕಟ್ಟಳೆಯನ್ನು ಸಾಹೇಬರು ಓದಿರಲಿಲ್ಲ. ಆದರೂ ಅದೇ ನಿಯಮ. ಅವರನ್ನು ಕಾಯುತ್ತಿದ್ದದ್ದು ಅವರ ಒಳ್ಳೆಯತನ ಒಂದೇ ಅಲ್ಲ, ಆ ಜಾಗ ಕೂಡ. ನಾಳೆಯೂ ಅಲ್ಲೇ ಕೂರಬೇಕಾದವನು ಇವತ್ತು ಕದಿಯುವುದು ಕಷ್ಟ. ಬೀದಿಯಲ್ಲಿ ಕೂಗುತ್ತ ಹೋಗುವವನಿಗೆ ಆ ಕಟ್ಟು ಇಲ್ಲ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು, ಮನುಷ್ಯನನ್ನು ಮನೆಗೆ ಕರೆಯುವ ಬದಲು ಬೀಗವನ್ನು ಅವನಿದ್ದಲ್ಲಿಗೆ ಒಯ್ಯಿರಿ ಎಂದು. ನೇತುಬೀಗವಾದರೆ ಸರಿಯೇ, ಬಾಗಿಲ ಬೀಗವನ್ನೂ ಸ್ಕ್ರೂ ಬಿಚ್ಚಿ ಒಯ್ಯಬಹುದು. ಬೀರುವನ್ನು ಹೊರಲಾಗುವುದಿಲ್ಲ ನಿಜ. ಕರೆಯಲೇಬೇಕಾಗಿ ಬಂದರೆ ಮನೆಯಲ್ಲಿ ಇಬ್ಬರು ಇರುವ ಹೊತ್ತು ನೋಡಬೇಕು. ಒಬ್ಬರು ಎಣ್ಣೆಗೆ ಎದ್ದರೆ ಇನ್ನೊಬ್ಬರು ಬೀರುವಿನ ಮುಂದೆ ಕೂತಿರಬೇಕು. ಬಾಗಿಲು ತೆರೆದ ಕೂಡಲೇ, ಅವನಿಗೆ ಕೂಲಿ ಕೊಡುವ ಮುಂಚೆ, ಒಳಗಿನದನ್ನು ನೋಡಿಕೊಳ್ಳಬೇಕು. ಒಳ್ಳೆಯ ಕೆಲಸಗಾರ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸಾಹೇಬರಂತೂ "ನೋಡ್ಕಳ್ರಿ, ನೋಡ್ಕಳ್ರಿ" ಎಂದು ತಾವೇ ಹಿಂದೆ ಸರಿದು ನಿಲ್ಲುತ್ತಿದ್ದರು.

ಅಮೆರಿಕದಲ್ಲಿ ಮೋಸದ ಬಗೆ ಬೇರೆ. ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು ಒಂದು ಚಳಿಯ ರಾತ್ರಿ ಮನೆಯ ಹೊರಗೆ ಸಿಕ್ಕಿಕೊಂಡಳು. ಫೋನಿನಲ್ಲಿ ಮೊದಲು ಸಿಕ್ಕ ನಂಬರಿನವನು ಹೇಳಿದ ದರ ಬಹಳ ಅಗ್ಗ. ಬಂದವನ ಕಾರಿನ ಮೇಲೆ ಹೆಸರಿಲ್ಲ, ಕೇಳಿದರೆ ಕಂಪನಿಯ ಹೆಸರು ಸರಿಯಾಗಿ ಹೇಳುವುದಿಲ್ಲ. ಬೀಗ ನೋಡಿದವನೇ "ಇದು ತೆರೆಯಲ್ಲ, ಡ್ರಿಲ್ ಮಾಡಬೇಕು" ಎಂದ. ಕೊರೆದ ಮೇಲೆ ಹೊಸ ಬೀಗವೂ ಅವನದೇ, ಬಿಲ್ಲು ಹೇಳಿದ್ದರ ಎಷ್ಟೋ ಪಟ್ಟು. ಅವರ ಮನೆಬಾಗಿಲಿನ ಸಾಮಾನ್ಯ ಪಿನ್ ಬೀಗ 1860ರ ದಶಕದಲ್ಲಿ ಲೈನಸ್ ಯೇಲ್ ಪೇಟೆಂಟ್ ಮಾಡಿದ ಮಾದರಿಯದು. ಕಸುಬು ಬಲ್ಲವನು ಬಹುಪಾಲು ಅಂಥ ಬೀಗಗಳನ್ನು ಕೊರೆಯದೆಯೇ ತೆರೆಯುತ್ತಾನೆ. ಬಂದ ಕೂಡಲೇ ಡ್ರಿಲ್ ಕೈಗೆತ್ತಿಕೊಂಡವನಿಗೆ ಬೀಗ ತೆರೆಯುವುದಕ್ಕಿಂತ ಮಾರುವುದು ಮುಖ್ಯ. ಆ ರಾಜ್ಯದಲ್ಲಿ ಬೀಗದವರಿಗೆ ಸರ್ಕಾರಿ ಲೈಸೆನ್ಸ್ ಬೇಕು. ಅದರ ನಂಬರನ್ನು ಫೋನಿನಲ್ಲೇ ಕೇಳಬೇಕಿತ್ತು ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರಂತೆ. ನಮ್ಮೂರಿನ ಯಾವ ಕೀ ಅಂಗಡಿಯಲ್ಲೂ ಅಂಥ ಕಾಗದ ತೂಗುಹಾಕಿದ್ದನ್ನು ನಾನು ಕಂಡಿಲ್ಲ.

ಬ್ಯಾಂಕ್ ಲಾಕರಿನ ವಿಷಯದಲ್ಲಿ ನಮ್ಮ ದೇಶದ ಕಟ್ಟಳೆ ಬಿಗಿಯಾದದ್ದು ತೀರ ಈಚೆಗೆ. ಬಾಡಿಗೆ ಕಟ್ಟಿದ್ದ ಗ್ರಾಹಕರೊಬ್ಬರ ಲಾಕರನ್ನು ನೋಟಿಸು ಕೊಡದೆಯೇ ಒಡೆಸಿದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಬ್ಯಾಂಕಿಗೆ ದಂಡ ಹಾಕಿ, ಆರು ತಿಂಗಳಲ್ಲಿ ನಿಯಮ ಮಾಡಿ ಎಂದು ರಿಸರ್ವ್ ಬ್ಯಾಂಕಿಗೆ ಹೇಳಿತು. ಆಗಸ್ಟಿನಲ್ಲಿ ಸುತ್ತೋಲೆ ಬಂತು, 2022ರ ಜನವರಿಯಿಂದ ಜಾರಿ. ಕೀ ಕಳೆದರೆ ಬ್ಯಾಂಕೋ ಅದು ಒಪ್ಪಿದ ತಂತ್ರಜ್ಞನೋ ಮಾತ್ರ ಒಡೆಯಬೇಕು. ನೌಕರರ ಮೋಸದಿಂದ ನಷ್ಟವಾದರೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕೇ ಹೊಣೆ. ಬಾಡಿಗೆಯ 100 ಪಟ್ಟು ಎಂದರೆ ಒಂದು ಒಳ್ಳೆಯ ಅವಲಕ್ಕಿ ಸರಕ್ಕೂ ಸಾಲದು, ಅದು ಬೇರೆ ಮಾತು. ನಮ್ಮ ಕಾಲದಲ್ಲಿ ಕಂಪನಿಯ ಮೆಕ್ಯಾನಿಕ್ ಬಂದು ಲಾಕರ್ ಒಡೆಯುವಾಗ ಗ್ರಾಹಕರು, ಇಬ್ಬರು ಅಧಿಕಾರಿಗಳು ಪಕ್ಕದಲ್ಲೇ ನಿಂತಿರುತ್ತಿದ್ದೆವು. ಬಾಗಿಲು ಬಿಡಿಸಿಕೊಂಡ ತಕ್ಷಣ ಮೆಕ್ಯಾನಿಕ್ ಒಳಗೆ ನೋಡದೆ ಗೋಡೆಯತ್ತ ತಿರುಗಿ ನಿಲ್ಲುವನು. ಯಾರೂ ಹೇಳಿಕೊಟ್ಟದ್ದಲ್ಲ, ಕಸುಬಿನ ಮರ್ಯಾದೆ.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೀಯೇ ಇಲ್ಲದ ಡಿಜಿಟಲ್ ಬೀಗ. ನನ್ನ ತಂಗಿಯ ಮಗ ಹೋದ ವರ್ಷ ಒಂದು ಹಾಕಿಸಿದ. ಕೂರಿಸಲು ಬಂದ ಹುಡುಗ ತಾನೇ ಒಂದು ಪಾಸ್‌ವರ್ಡ್ ಹಾಕಿ, ಲಿಫ್ಟಿನ ಮುಂದೆ ನಿಂತು, ಸೆಕ್ಯುರಿಟಿಯವನ ಎದುರಿಗೇ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಇವನು ಫೋನಿನಲ್ಲಿ ಬರೆದುಕೊಂಡು ಥ್ಯಾಂಕ್ಸ್ ಹೇಳಿದ. ಹುಡುಗ ಲಿಫ್ಟ್ ಇಳಿದ ಮೇಲೆ ನಾನು ಕೇಳಿದೆ:

"ಆ ನಂಬರ್ ಬದಲಾಯಿಸೋದು ಹೇಗೋ?"

"ನಿಧಾನಕ್ಕೆ ಮಾಡೋಣ ದೊಡ್ಡಮ್ಮ. ಪಾಪ, ಒಳ್ಳೆ ಹುಡುಗ."

"ಒಳ್ಳೆ ಹುಡುಗನೇ. ಮ್ಯಾನ್ಯುಯಲ್ ಎಲ್ಲಿಟ್ಟೆ, ತೆಗಿ."

ಇಬ್ಬರೂ ಸೋಫಾದ ಮೇಲೆ ಕೂತು ಮ್ಯಾನ್ಯುಯಲ್ ಬಿಡಿಸಿದೆವು. ಮಾಸ್ಟರ್ ಪಾಸ್‌ವರ್ಡ್ ಬೇರೆ, ಬಳಸುವವರ ಪಾಸ್‌ವರ್ಡ್ ಬೇರೆ, ಹುಡುಗ ಹೇಳಿಕೊಟ್ಟದ್ದು ಎರಡನೆಯದನ್ನು ಮಾತ್ರ. ಮಾಸ್ಟರ್ ಇನ್ನೂ ಕಾರ್ಖಾನೆಯಿಂದ ಬಂದಾಗಿನ ನಂಬರಿನಲ್ಲೇ ಇತ್ತು, ಮ್ಯಾನ್ಯುಯಲ್ಲಿನ ನಾಲ್ಕನೆಯ ಪುಟದಲ್ಲಿ ಅಚ್ಚಾಗಿತ್ತು. ಅಂದರೆ ಆ ಮಾದರಿಯ ಬೀಗ ಕೊಂಡವರಿಗೆಲ್ಲ ಗೊತ್ತು. ಎರಡನ್ನೂ ಬದಲಾಯಿಸಿ, ಹಳೆಯ ನಂಬರುಗಳನ್ನು ಒಂದೊಂದಾಗಿ ಒತ್ತಿ, ಬಾಗಿಲು ತೆರೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವನಿಗೆ ಊಟಕ್ಕೆ ಏಳಲು ಬಿಟ್ಟೆ.